ಬಾಯಾರುವ ಮುನ್ನವೇ ಒಂದು ಲೋಟ ನೀರು

ಯಲಹಂಕದ ಸಮೀಪದಲ್ಲಿರುವ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನೀರಿರುವ ತಾಣವನ್ನು ಹಕ್ಕಿಗಳು ತಾವಾಗಿಯೇ ಅರಸಿ ಬರುತ್ತವೆ. ಮನುಷ್ಯರ ರೀತಿಯೇ ಬೇರೆ. ಅಡುಗೆಮನೆಯಲ್ಲಿ ತುಂಬಿದ ಕೊಡವಿದ್ದರೂ ದಿನಕ್ಕೆ ಎರಡು ಲೋಟ ನೀರನ್ನೂ ಕುಡಿಯದ ಹಿರಿಯರು, ಗೃಹಿಣಿಯರು ನಮ್ಮ ನಡುವೆ ಇದ್ದಾರೆ. ಕೇಳಿದರೆ, “ಬಾಯಾರಿಕೆಯೇ ಆಗುವುದಿಲ್ಲವಲ್ಲ!” ಎನ್ನುತ್ತಾರೆ.

ಆ ಮಾತು ಸುಳ್ಳೇನಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತಂಪುಗಾಳಿಯಲ್ಲಿ ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ. ಆದರೂ ಉಸಿರು, ಚರ್ಮ ಹಾಗೂ ಮೂತ್ರದ ಮೂಲಕ ದೇಹವು ನೀರನ್ನು ಕಳೆದುಕೊಳ್ಳುತ್ತಲೇ ಇರುತ್ತದೆ. ವಯಸ್ಸಾದಂತೆಲ್ಲ ಬಾಯಾರಿಕೆಯ ಅರಿವೂ ಕುಂದುತ್ತದೆ. ಆದುದರಿಂದ ಬಾಯಾರಿಕೆಯೊಂದನ್ನೇ ನಂಬಿ ಕುಳಿತುಕೊಳ್ಳುವುದು ಹಿತವಲ್ಲ.

ರಕ್ತಸಂಚಾರ, ದೇಹದ ಉಷ್ಣದ ಸಮತೋಲ, ಮೂತ್ರಪಿಂಡಗಳ ಕಾರ್ಯ ಇವೆಲ್ಲಕ್ಕೂ ನೀರು ಬೇಕು. ಅದು ಸಾಲದಾದಾಗ ತಲೆನೋವು, ಆಯಾಸ, ಮಲಬದ್ಧತೆ ತಲೆದೋರುತ್ತವೆ. ಮೂತ್ರವು ಗಾಢ ಹಳದಿಯಾಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲುಗಳಾಗುವ ಸಂಭವವೂ ಹೆಚ್ಚು. ಮೂತ್ರವು ತಿಳಿಹಳದಿಯಾಗಿದ್ದರೆ ನೀರು ಸಾಕಷ್ಟು ಸಿಗುತ್ತಿದೆಯೆಂದು ತಿಳಿಯಬಹುದು.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಸುಮಾರು 8 ಲೋಟ, ಎಂದರೆ 2 ಲೀಟರ್ ನೀರು ಸಾಮಾನ್ಯವಾಗಿ ಸಾಕು. ಬೇಸಿಗೆಯಲ್ಲಿ, ಮೈಮುರಿದು ದುಡಿಯುವಾಗ, ಜ್ವರ ಬಂದಾಗ ಇನ್ನಷ್ಟು ಬೇಕು. ಇದನ್ನು ಒಮ್ಮೆಗೇ ಕುಡಿಯದೆ ದಿನಚರಿಯೊಂದಿಗೆ ಹೊಂದಿಸಿಕೊಳ್ಳುವುದು ಸುಲಭ. ಎದ್ದೊಡನೆ ಒಂದು ಲೋಟ. ಇಷ್ಟಲಿಂಗ ಪೂಜೆ ಮುಗಿಸಿ ಪಾದೋದಕ, ಪ್ರಸಾದ ಸ್ವೀಕರಿಸಿದ ಬಳಿಕ ಇನ್ನೊಂದು. ಎರಡು ಹೊತ್ತಿನ ಊಟದೊಡನೆ ಒಂದೊಂದು. ಉಳಿದುದು ಕಾಯಕದ ನಡುವೆ. ಮಜ್ಜಿಗೆ, ರಾಗಿ ಅಂಬಲಿ, ತಿಳಿಸಾರು, ಎಳನೀರು ಸಹ ಈ ಲೆಕ್ಕಕ್ಕೆ ಸೇರುತ್ತವೆ. ಸೌತೆಕಾಯಿ, ಕಲ್ಲಂಗಡಿಗಳಲ್ಲಿಯೂ ನೀರಿನಂಶ ಹೇರಳ. ಕುಡಿಯುವ ನೀರಿನ ಶುದ್ಧತೆಯಲ್ಲಿ ಸಂದೇಹವಿದ್ದರೆ ಚೆನ್ನಾಗಿ ಕುದಿಸಿ ಆರಿಸಿ ಬಳಸಬೇಕು.

ಮನೆಯಲ್ಲಿ ಮೂವರ ಕಡೆಗೆ ವಿಶೇಷ ಗಮನವಿರಲಿ. ರಾತ್ರಿ ಏಳಬೇಕಾಗುವುದೆಂದು ಅಂಜಿ ನೀರನ್ನೇ ಬಿಡುವ ಹಿರಿಯರಿಗೆ ಹಗಲಿನಲ್ಲಿಯೇ ಹೆಚ್ಚು ಪಾಲನ್ನು ಕೊಡಬೇಕು. ಶಾಲೆಯ ಶೌಚಾಲಯಕ್ಕೆ ಹೇಸಿ ಬಾಟಲಿಯ ನೀರನ್ನು ಹಾಗೆಯೇ ಮನೆಗೆ ತರುವ ಹೆಣ್ಣುಮಕ್ಕಳನ್ನು ಗದರದೆ ಕಾರಣ ಕೇಳಿ, ಶೌಚಾಲಯದ ಸ್ವಚ್ಛತೆಗಾಗಿ ತಂದೆತಾಯಿಗಳು ಶಾಲೆಯವರೊಡನೆ ಮಾತನಾಡಬೇಕು. ಇನ್ನು ಎಲ್ಲರಿಗೂ ಬಡಿಸಿ ತಾನು ಕೊನೆಯಲ್ಲಿ ಉಣ್ಣುವ ತಾಯಿ! ಅವಳು ನೀರು ಕುಡಿದಳೋ ಇಲ್ಲವೋ ಎಂದು ವಿಚಾರಿಸುವವರೇ ಇಲ್ಲ.

ವಾಂತಿಭೇದಿಯಾದಾಗ ಬರಿಯ ನೀರು ಸಾಲದು, ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ ಕರಗಿಸಿ ಕೊಡಬೇಕು. ಪೊಟ್ಟಣ ದೊರೆಯದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬಹುದು. ಅಳತೆಗೆ ಚಹಾ ಚಮಚವನ್ನೇ ಬಳಸಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರು ಹೇಳಿದ ಮಿತಿಯನ್ನು ಮೀರಕೂಡದು.

ಬೇಸಿಗೆಯಲ್ಲಿ ದಾರಿಹೋಕರಿಗಾಗಿ ಅರವಟಿಗೆ ಇಡುವುದು ನಮ್ಮ ನಾಡಿನ ಹಳೆಯ ಧರ್ಮ. ಆ ದಾಸೋಹವು ಮನೆಯೊಳಗಿನಿಂದಲೇ ಆರಂಭವಾಗಲಿ. ಇಂದು ಊಟಕ್ಕೆ ಕುಳಿತಾಗ ಮೊದಲ ಲೋಟದ ನೀರನ್ನು ಬಡಿಸುವ ಕೈಗೇ ಕೊಡೋಣ.