ಹಲ್ಲು ಹೇಳಿದ ಸಾಕ್ಷಿ

ಇವತ್ತು ಮಾರ್ಗರೆಟ್ ಮರ್ರೆ ಅವರ ಕತೆ. ಹುಟ್ಟಿದ್ದು 1863ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ಅಲ್ಲೇ ನರ್ಸ್ ಕೆಲಸವನ್ನೂ ಮಾಡಿದ್ದರು. ಮೂವತ್ತನೇ ವಯಸ್ಸಿನಲ್ಲಿ ಲಂಡನ್ನಿಗೆ ಹೋಗಿ ಈಜಿಪ್ಟಿನ ಚಿತ್ರಲಿಪಿ ಕಲಿಯೋಕೆ ಕೂತರು.

1908ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿ, ಸುಮಾರು 500 ಜನರೆದುರು, ಒಂದು ಮಮ್ಮಿಯ ಬಟ್ಟೆ ಬಿಚ್ಚಿದರು. ಅದೇ ಸಮಾಧಿಯಲ್ಲಿ ಇನ್ನೊಂದು ಮಮ್ಮಿಯೂ ಸಿಕ್ಕಿತ್ತು. ಪೆಟ್ಟಿಗೆಗಳ ಬರಹದ ಪ್ರಕಾರ ಇಬ್ಬರ ತಾಯಿಯ ಹೆಸರೂ ಒಂದೇ: ಖ್ನುಮ್-ಆ. ಅಂದರೆ ಅಣ್ಣತಮ್ಮಂದಿರು. ಆದರೆ ಮೂಳೆ ನೋಡಿದವರು ಒಪ್ಪಲಿಲ್ಲ, ಎರಡೂ ತಲೆಬುರುಡೆ ತೀರಾ ಬೇರೆ ಅಂದರು. ಬುರುಡೆ ಅಳೆದು ಸಂಬಂಧ ತೀರ್ಮಾನಿಸುತ್ತಿದ್ದ ಕಾಲ ಅದು. ದತ್ತುಮಗ ಇರಬಹುದಾ ಅನ್ನೋ ಮಾತೂ ಬಂತು.

ಈಗ ನನ್ನ ಇಷ್ಟದ ಭಾಗ. ಮ್ಯಾಂಚೆಸ್ಟರಿನ ವಿಜ್ಞಾನಿಗಳು ಇಬ್ಬರ ಹಲ್ಲಿನಿಂದಲೂ ಡಿಎನ್ಎ ತೆಗೆದು, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿಯಿಂದಷ್ಟೇ ಬರುವ ಮೈಟೋಕಾಂಡ್ರಿಯದ ಡಿಎನ್ಎ ಎರಡರಲ್ಲೂ ಒಂದೇ. ತಂದೆಯಿಂದ ಬರುವ ವೈ ಕ್ರೋಮೋಸೋಮು ಮಾತ್ರ ಬೇರೆ. ತಾಯಿ ಒಬ್ಬಳೇ, ತಂದೆಯರು ಬಹುಶಃ ಇಬ್ಬರು. ಲಿಪಿಕಾರ ಸುಳ್ಳು ಬರೆದಿರಲಿಲ್ಲ!

ಮರ್ರೆ ಮಾಟಗಾತಿಯರ ಬಗ್ಗೆ ಬರೆದದ್ದನ್ನು ಇತಿಹಾಸಕಾರರು ತಳ್ಳಿಹಾಕಿದ್ದಾರೆ, ಅದು ಬೇರೆ ಎಪಿಸೋಡಿಗೆ. ನೂರು ತುಂಬಿಸಿ 1963ರಲ್ಲಿ ತೀರಿಕೊಂಡರು. ಅಣ್ಣತಮ್ಮಂದಿರು ಇವತ್ತಿಗೂ ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲೇ ಇದ್ದಾರೆ.