ಎಸಿಗಿಂತ ಮೊದಲು ಮೆಕ್ಯಾನಿಕ್

ಬೇಸಿಗೆ ಬಂತೆಂದರೆ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಕೂಲರ್ ತರೋಣವೇ, ಎಸಿ ಹಾಕಿಸೋಣವೇ ಎಂಬ ಮಾತು ಶುರುವಾಗುತ್ತದೆ. ಯಾವ ಕಂಪನಿ, ಎಷ್ಟು ಟನ್, ಎಷ್ಟು ಸ್ಟಾರ್, ತಿಂಗಳ ಕಂತು ಎಷ್ಟು ಎಂಬುದನ್ನೆಲ್ಲ ಅಂಗಡಿಯಲ್ಲಿ ನಿಂತು ವಿಚಾರಿಸುತ್ತೇವೆ. ಅದನ್ನು ಗೋಡೆಗೆ ಕೂರಿಸುವವರು ಯಾರು, ಎರಡು ವರ್ಷದ ಮೇಲೆ ನೀರು ಸೋರಿದರೆ ಬಾಗಿಲಿಗೆ ಬರುವವರು ಯಾರು ಎಂಬ ಪ್ರಶ್ನೆ ಏಳುವುದು ಹಣ ಕಟ್ಟಿದ ಮೇಲೆ. ಬೆಂಗಳೂರಿನಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಒಬ್ಬರು ಬಾರದಿದ್ದರೆ ಇನ್ನೊಬ್ಬರು ಸಿಗುತ್ತಾರೆ. ಜಿಲ್ಲಾ ಕೇಂದ್ರ ಚಿಕ್ಕಮಗಳೂರೇ ಸುಮಾರು 40 ಕಿಲೋಮೀಟರ್ ದೂರವಿರುವ ಕಡೂರಿನಂಥ ಊರಿನಲ್ಲಿ ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು. ಮೊದಲು ಕೆಲಸ ಬಲ್ಲವರನ್ನು ಹುಡುಕಿ, ಆಮೇಲೆ ಯಂತ್ರ ಆರಿಸಬೇಕು. ಹತ್ತಿರದಲ್ಲಿ ಯಾರೂ ರಿಪೇರಿ ಮಾಡಲಾರದ ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಆ ಮನೆಗೆ ಅದು ಸಲ್ಲುವುದಿಲ್ಲ.

ಕೆಲಸ ಬಲ್ಲವರೆಂದರೆ ಎಸಿ ಮೆಕ್ಯಾನಿಕ್ಕೇ ಆಗಬೇಕಿಲ್ಲ. ಕಡೂರು ಇರುವುದು ಬಾಬಾಬುಡನ್‌ಗಿರಿ ಸಾಲಿನ ಮಳೆನೆರಳಿನಲ್ಲಿ, ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರದಲ್ಲಿ. ಹಗಲು ಬಿಸಿಲು ಸುಡುತ್ತದೆ, ಗಾಳಿ ಒಣಗಿರುತ್ತದೆ. ಆದರೆ ಹೊತ್ತು ಮುಳುಗಿದ ಮೇಲೆ ಹೊರಗೆ ಬೇಗ ತಣ್ಣಗಾಗುತ್ತದೆ. ಜಗುಲಿಯಲ್ಲಿ ಕೂತರೆ ಹಾಯೆನಿಸುವ ರಾತ್ರಿಯಲ್ಲೇ ಮಲಗುವ ಕೋಣೆ ಬೇಯುತ್ತಿರುತ್ತದೆ. ಕಾರಣ ತಲೆಯ ಮೇಲಿನ ಕಾಂಕ್ರೀಟ್ ತಾರಸಿ. ಹಗಲೆಲ್ಲ ಹೀರಿಕೊಂಡ ಬಿಸಿಯನ್ನು ಅದು ರಾತ್ರಿಯಿಡೀ ಒಳಗೆ ಬಿಡುತ್ತದೆ. ಬಯಲುಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ, ಲಿಂಗದಹಳ್ಳಿ ಕಡೆಯ ಹೆಂಚಿನ ಮನೆಗಳಲ್ಲಿ ಈ ಕಷ್ಟ ಇಷ್ಟಿರಲಿಲ್ಲ. ದಪ್ಪ ಮಣ್ಣು ಬಿಸಿಯನ್ನು ಒಳಗೆ ಬಿಡಲು ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ಹೆಂಚಿನ ಸಂದುಗಳಿಂದ ಬಿಸಿಗಾಳಿ ಮೇಲೇರಿ ಹೋಗುತ್ತಿತ್ತು. ಹಾಗಾಗಿ ತಾರಸಿ ಮನೆಯನ್ನು ತಂಪು ಮಾಡುವ ಮೊದಲ ಕೆಲಸಗಾರರು ಗಾರೆಯವರು ಮತ್ತು ಪೇಂಟರು. ತಾರಸಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ, ಅದಾಗದಿದ್ದರೆ ಸುಣ್ಣ. ಪಡುವಣ ಗೋಡೆಗೆ ತೆಂಗಿನ ಗರಿಯ ಚಪ್ಪರ. ರಾತ್ರಿ ಹೊರಗಿನ ತಂಪುಗಾಳಿ ಒಳಗೆ ಬರುವಂತೆ ಒಂದು ಎಕ್ಸಾಸ್ಟ್ ಫ್ಯಾನ್. ಇದು ಬಡವರ ಉಪಾಯವೆಂದು ತಳ್ಳಿಹಾಕುವಂಥದ್ದಲ್ಲ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿದೆ. ಆಮೇಲೆ ಎಸಿಯೇ ಬೇಕೆನಿಸಿದರೂ, ಬಿಳಿ ತಾರಸಿಯ ಕೆಳಗೆ ಅದಕ್ಕೆ ಕೆಲಸ ಕಡಿಮೆ, ಬಿಲ್ಲೂ ಕಡಿಮೆ.

ಕೂಲರ್ ಈ ಸೀಮೆಗೆ ಹೊಂದುವ ಯಂತ್ರ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಕಡೂರು, ಅಜ್ಜಂಪುರದ ಮಾರ್ಚ್–ಏಪ್ರಿಲ್‌ಗೆ ಇದು ಸರಿ, ಮುಂಗಾರು ಹಿಡಿದ ತರೀಕೆರೆಗೆ ಅಲ್ಲ. ಹಲವರು ಕೂಲರ್ ಹಚ್ಚಿ ಕಿಟಕಿ ಮುಚ್ಚುತ್ತಾರೆ. ಆಗ ಕೋಣೆಯ ತೇವ ಏರಿ ಮೈ ಅಂಟಂಟಾಗುತ್ತದೆ, ಯಂತ್ರ ಸರಿಯಿಲ್ಲವೆಂಬ ದೂರು ಹುಟ್ಟುತ್ತದೆ. ಒಂದು ಕಡೆಯಿಂದ ಗಾಳಿ ಒಳಬಂದು ಇನ್ನೊಂದು ಕಡೆಯಿಂದ ಹೊರಹೋಗಬೇಕು. ಕೊಳವೆಬಾವಿಯ ಗಡಸು ನೀರಾದರೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ; ತೊಟ್ಟಿಯ ನೀರನ್ನು ಆಗಾಗ ಚೆಲ್ಲಿ ಹೊಸ ನೀರು ತುಂಬಬೇಕು. ಕೂಲರಿನ ಮೋಟಾರು, ಪಂಪು, ಪ್ಯಾಡು ಇವನ್ನೆಲ್ಲ ಪಂಪ್‌ಸೆಟ್ ಮೋಟಾರು ಸುತ್ತುವ ಸ್ಥಳೀಯ ವೈಂಡಿಂಗ್ ಅಂಗಡಿಯವರೇ ನೋಡಿಕೊಳ್ಳಬಲ್ಲರು. ಕೂಲರಿನ ಪರವಾಗಿ ಇದಕ್ಕಿಂತ ದೊಡ್ಡ ಮಾತು ನನಗೆ ತೋಚುವುದಿಲ್ಲ.

ಎಸಿಯ ವಿಷಯ ಬೇರೆ. ಇಲ್ಲಿ ಯಂತ್ರದ ಆಯುಷ್ಯ ಕೂರಿಸಿದ ದಿನವೇ ಬಹುಪಾಲು ತೀರ್ಮಾನವಾಗುತ್ತದೆ. ಒಳಗಿನ ಮತ್ತು ಹೊರಗಿನ ಪೆಟ್ಟಿಗೆಗಳನ್ನು ತಾಮ್ರದ ಪೈಪಿನಿಂದ ಜೋಡಿಸಿದ ಮೇಲೆ, ಪೈಪಿನೊಳಗಿನ ಗಾಳಿ ಮತ್ತು ತೇವವನ್ನು ವ್ಯಾಕ್ಯೂಮ್ ಪಂಪಿನಿಂದ ಪೂರ್ತಿ ಎಳೆದು ತೆಗೆಯಬೇಕು. ಇದಕ್ಕೆ ಕನಿಷ್ಠ ಕಾಲು ಗಂಟೆಯಾದರೂ ಬೇಕು. ಅವಸರದವರು ಪಂಪನ್ನೇ ತರುವುದಿಲ್ಲ. ಒಂದಿಷ್ಟು ಗ್ಯಾಸ್ ಬಿಟ್ಟು ಗಾಳಿಯನ್ನು ಹೊರದೂಡಿ ಮುಗಿಸುತ್ತಾರೆ. ಉಳಿದ ತೇವ ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಆಮ್ಲವಾಗಿ, ವರ್ಷಗಳ ಮೇಲೆ ಕಂಪ್ರೆಸರನ್ನು ತಿನ್ನುತ್ತದೆ. ಆಗ ಯಾರೂ ಕೂರಿಸಿದವರನ್ನು ನೆನೆಯುವುದಿಲ್ಲ, ಕಂಪನಿಯನ್ನು ಬೈಯುತ್ತಾರೆ. ಆದ್ದರಿಂದ ಮೆಕ್ಯಾನಿಕ್ಕಿಗೆ ಕೇಳಬೇಕಾದ ಮೊದಲ ಪ್ರಶ್ನೆ: ‘ವ್ಯಾಕ್ಯೂಮ್ ಪಂಪ್ ತರುತ್ತೀರಾ?’ ಎರಡನೆಯ ಪ್ರಶ್ನೆ ಗ್ಯಾಸಿನದು. ಎಸಿಯ ಗ್ಯಾಸು ಬೈಕಿನ ಪೆಟ್ರೋಲಿನಂತೆ ಓಡಿದಷ್ಟೂ ಖರ್ಚಾಗುವುದಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದರ್ಥ. ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಲೇಬೇಕು ಎನ್ನುವವರಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿಲ್ಲ. ಬಲ್ಲವರು ಮೊದಲು ಸೋಪಿನ ನೀರನ್ನೋ ಸಾರಜನಕದ ಒತ್ತಡವನ್ನೋ ಬಳಸಿ ಸೋರುವ ಜಾಗ ಹುಡುಕುತ್ತಾರೆ, ಅದನ್ನು ಮುಚ್ಚಿದ ಮೇಲೆ ತೂಕದ ಯಂತ್ರವಿಟ್ಟು ಅಳೆದು ತುಂಬುತ್ತಾರೆ. ಯಾವ ಗ್ಯಾಸು ಎಂಬುದನ್ನೂ ಕೇಳಿ. ಹಳೆಯ ಎಸಿಗಳ ಆರ್-22 ಓಝೋನ್ ಪದರಕ್ಕೆ ಕೇಡು ಮಾಡುವುದರಿಂದ, 1987ರ ಮಾಂಟ್ರಿಯಲ್ ಒಪ್ಪಂದದಂತೆ ಹಂತಹಂತವಾಗಿ ತೆರೆಮರೆಗೆ ಸರಿಯುತ್ತಿದೆ. ಈಗ ಹೆಚ್ಚಾಗಿ ಬರುವ ಆರ್-32 ಅಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸು; ಕೆಲವು ಎಸಿಗಳ ಆರ್-290 ಎಂದರೆ ಪ್ರೊಪೇನೇ, ಅಡುಗೆ ಸಿಲಿಂಡರಿನಲ್ಲಿರುವ ಅನಿಲಗಳಲ್ಲೊಂದು. ಇಂಥ ಪೈಪಿಗೆ ಗ್ಯಾಸ್ ಖಾಲಿ ಮಾಡದೆ ಬೆಂಕಿಯ ಬೆಸುಗೆ ಹಿಡಿಯುವುದು ಪ್ರಾಣಾಪಾಯ. ನಿಮ್ಮೂರಿನ ಮೆಕ್ಯಾನಿಕ್ಕಿಗೆ ಯಾವ ಗ್ಯಾಸಿನ ಕೆಲಸ ಗೊತ್ತಿದೆಯೋ ಅದೇ ಗ್ಯಾಸಿನ ಎಸಿ ಕೊಳ್ಳುವುದು ಜಾಣತನ.

ಎಲೆಕ್ಟ್ರಿಷಿಯನ್ನರನ್ನು ಯಾರೂ ಎಸಿ ಕೆಲಸದವರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಎಸಿಗೂ ಗೀಸರಿಗೂ ಬೇರೆ ಬೇರೆ ವೈರು, ತಕ್ಕ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಅರ್ಥಿಂಗ್ ಗುಂಡಿಯ ಮಣ್ಣು ಒಣಗಿದರೆ ವಿದ್ಯುತ್ ಭೂಮಿಗೆ ಇಳಿಯುವುದು ಕಷ್ಟ. ಏಪ್ರಿಲ್‌ನಲ್ಲಿ ನೆಲ ಬಿರಿಯುವ ಈ ತಾಲ್ಲೂಕುಗಳಲ್ಲಿ ಗುಂಡಿಗೆ ಆಗಾಗ ನೀರು ಹಾಕಬೇಕೆಂದು ನೆನಪಿಸುವವರು ಒಳ್ಳೆಯ ಎಲೆಕ್ಟ್ರಿಷಿಯನ್ನು. ಬಿಲ್ಲಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಎಸಿಯ ಸ್ಟಾರ್ ಲೇಬಲ್ಲಿನಲ್ಲಿ ಬರೆದಿರುವ ಯೂನಿಟ್ಟು ವರ್ಷಕ್ಕೆ 1,600 ಗಂಟೆ ಓಡಿಸಿದರೆ ಆಗುವಷ್ಟು. ಅಲ್ಲಿ 800 ಎಂದಿದ್ದರೆ ಗಂಟೆಗೆ ಸರಾಸರಿ ಅರ್ಧ ಯೂನಿಟ್; ರಾತ್ರಿ 8 ಗಂಟೆಯಂತೆ ತಿಂಗಳಿಗೆ 120 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಹಳೆಯ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಮಾತ್ರ ಉಚಿತ, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಸರಾಸರಿ 90 ಯೂನಿಟ್ ಬಳಸುತ್ತಿದ್ದ ಮನೆ ಈ ಎಸಿಯಿಂದ 210ಕ್ಕೆ ಏರಿ, ಮೆಸ್ಕಾಂ ಬಿಲ್ಲನ್ನು ಪೂರ್ತಿ ತೆರಬೇಕಾಗುತ್ತದೆ. ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಿಟ್ಟರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ ಹೇಳುತ್ತದೆ. 2020ರಿಂದ ಹೊಸ ಎಸಿಗಳು ತಾವಾಗಿ 24 ಡಿಗ್ರಿಯಲ್ಲಿ ಶುರುವಾಗುವುದು ಇದೇ ಕಾರಣಕ್ಕೆ.

ಬಿಸಿ ಮಾಡುವ ಕೆಲಸವೆಂದರೆ ಇಲ್ಲಿ ಸ್ನಾನದ ನೀರು. ತೆಂಗು, ಅಡಿಕೆಯ ಸೀಮೆಯಲ್ಲಿ ಮಟ್ಟೆ, ಗರಿ, ಚಿಪ್ಪು, ಅಡಿಕೆ ಸಿಪ್ಪೆ ಹಾಕಿ ಉರಿಸುವ ಹಂಡೆ ಒಲೆಗೆ ಖರ್ಚಿಲ್ಲ, ಹೊಗೆ ಹೊರಹೋಗಲು ಚಿಮಣಿಯಿದ್ದರೆ ಸಾಕು. ಸೋಲಾರ್ ಹೀಟರ್ ಕೊಳ್ಳುವಾಗ ಮಾತ್ರ ನೀರಿನ ಗಡಸುತನ ನೋಡಬೇಕು: ತಾಮ್ರದ ತೆಳು ಪೈಪಿನವು ಉಪ್ಪು ಕಟ್ಟಿ ಮುಚ್ಚಿಕೊಳ್ಳುತ್ತವೆ, ಗಾಜಿನ ಕೊಳವೆಯವು ಹೆಚ್ಚು ತಾಳುತ್ತವೆ. ಗೀಸರಿನ ತೊಟ್ಟಿಯೊಳಗೆ ತುಕ್ಕನ್ನು ತನ್ನ ಮೇಲೆಳೆದುಕೊಂಡು ಸವೆಯುವ ಮೆಗ್ನೀಸಿಯಂ ಸರಳೊಂದಿರುತ್ತದೆ. ಅದನ್ನು ಬದಲಿಸದೆ ಬರಿ ಕಾಯಿಲ್ ಬದಲಿಸುವವರು ಅರ್ಧ ಕೆಲಸ ಮಾಡಿದಂತೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಗ್ಯಾಸ್ ಗೀಸರಿನ ವಿಷಯದಲ್ಲಿ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಉರಿದರೆ ಗಾಳಿಯ ಆಮ್ಲಜನಕ ತೀರಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಸತ್ತ ಸುದ್ದಿಯನ್ನು ಕರ್ನಾಟಕದ ಪತ್ರಿಕೆಗಳು ಮತ್ತೆ ಮತ್ತೆ ಅಚ್ಚುಮಾಡಿವೆ. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೇ ಹಾಕಿಕೊಡುತ್ತೇನೆ ಎನ್ನುವವರನ್ನು ಎಷ್ಟೇ ಅಗ್ಗಕ್ಕೆ ಬಂದರೂ ವಾಪಸ್ಸು ಕಳಿಸಬೇಕು. ಹೊರಗೋಡೆಗೆ ಹಾಕಿ ಪೈಪನ್ನು ಒಳತರುವುದಕ್ಕೆ ಹೆಚ್ಚೇನೂ ಖರ್ಚಾಗುವುದಿಲ್ಲ.

ಕಂಪನಿಯ ಸರ್ವಿಸ್ ಇರುವಾಗ ಊರಿನ ಮೆಕ್ಯಾನಿಕ್ ಏಕೆ ಎಂದು ಕೆಲವರು ಕೇಳಬಹುದು. ವಾರಂಟಿ ಇರುವಷ್ಟು ದಿನ ಕಂಪನಿಯವರನ್ನೇ ಕರೆಯಬೇಕು, ಬೇರೆಯವರು ಕೈಹಾಕಿದರೆ ವಾರಂಟಿ ಹೋಗಬಹುದು. ಆದರೆ ಹತ್ತು ವರ್ಷದ ವಾರಂಟಿ ಎಂದು ದೊಡ್ಡಕ್ಷರದಲ್ಲಿ ಬರೆದಿರುವುದು ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ. ಗ್ಯಾಸು, ಕೂಲಿ, ಬಂದು ಹೋಗುವ ಖರ್ಚು ಎಷ್ಟೋ ಸಲ ಅದರಲ್ಲಿ ಸೇರಿರುವುದಿಲ್ಲ. ಅಂಗಡಿಯಲ್ಲೇ ಕೇಳಿ: ಈ ಕಂಪನಿಯ ಸರ್ವಿಸಿನವರು ಎಲ್ಲಿಂದ ಬರುತ್ತಾರೆ, ಶಿವಮೊಗ್ಗದಿಂದಲೋ ಚಿಕ್ಕಮಗಳೂರಿನಿಂದಲೋ? ಮೊಬೈಲಿನಲ್ಲಿ ಹುಡುಕಿದರೆ ನಂಬರು ಸಿಗುತ್ತದಲ್ಲ ಎಂಬ ಮಾತೂ ಇದೆ. ಸಿಗುತ್ತದೆ, ಆದರೆ ಕಂಪನಿಯ ಕಸ್ಟಮರ್ ಕೇರ್ ಎಂದು ಸುಳ್ಳು ನಂಬರು ಹಾಕಿ ಹಣ ದೋಚುವವರೂ ಅಲ್ಲೇ ಇದ್ದಾರೆ. ನಂಬರನ್ನು ವಾರಂಟಿ ಕಾರ್ಡಿನಿಂದ ತೆಗೆದುಕೊಳ್ಳಿ. ಮುಂಗಡವನ್ನೋ ಒಟಿಪಿಯನ್ನೋ ಕೇಳಿದರೆ, ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನಿಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ ಸಣ್ಣ ಊರಿನ ಮೆಕ್ಯಾನಿಕ್ಕುಗಳಿಗೆ ತರಬೇತಿ ಸಾಲದು ಎಂಬುದು. ಇದರಲ್ಲಿ ನಿಜವಿದೆ, ಸರ್ಕಾರವೇ ಅದನ್ನು ಒಪ್ಪಿಕೊಂಡಿದೆ. 2019ರ ಇಂಡಿಯಾ ಕೂಲಿಂಗ್ ಆ್ಯಕ್ಷನ್ ಪ್ಲಾನ್ 2022–23ರೊಳಗೆ ಒಂದು ಲಕ್ಷ ಸರ್ವಿಸ್ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಹಾಕಿಕೊಂಡದ್ದು ಅದಕ್ಕೇ. ಐಟಿಐಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗಿಗೆ ಎರಡು ವರ್ಷದ ಕೋರ್ಸೇ ಇದೆ. ಆದರೆ ತರಬೇತಿಯಾದ ಹುಡುಗ ಊರಿನಲ್ಲಿ ಉಳಿಯಬೇಕಾದರೆ ವ್ಯಾಕ್ಯೂಮ್ ಪಂಪು, ತೂಕದ ಯಂತ್ರ, ಗೇಜು ಕೊಂಡದ್ದಕ್ಕೆ ತಕ್ಕ ಕೂಲಿ ಸಿಗಬೇಕು. ಇನ್ನೂರು ರೂಪಾಯಿ ಕಡಿಮೆ ಕೇಳಿದವನನ್ನು ಕರೆದು, ಪಂಪಿಲ್ಲದೆ ಕೆಲಸ ಮುಗಿಸಿಕೊಂಡು, ಆಮೇಲೆ ಊರಿನಲ್ಲಿ ಬಲ್ಲವರಿಲ್ಲ ಎಂದರೆ ಆ ಹುಡುಗ ಬೆಂಗಳೂರಿನ ಬಸ್ಸು ಹತ್ತಿರುತ್ತಾನೆ. ಒಳ್ಳೆಯ ಸೇವೆ ಊರಿನಲ್ಲಿ ಇರಬೇಕಾದರೆ ಅದಕ್ಕೆ ಬೆಲೆ ಕೊಡುವ ಗಿರಾಕಿಗಳೂ ಅಲ್ಲಿರಬೇಕು.

ಕೆಲಸಕ್ಕೆ ರಸೀದಿ ಕೇಳುವುದು ಅಪನಂಬಿಕೆಯಲ್ಲ. ಯಾವ ಭಾಗ ಬದಲಾಯಿತು, ಯಾವ ಗ್ಯಾಸು ಎಷ್ಟು ಗ್ರಾಂ ಹಾಕಿದರು ಎಂಬುದು ಬರವಣಿಗೆಯಲ್ಲಿದ್ದರೆ ಮುಂದಿನ ಸಲ ಬರುವವರಿಗೂ ದಾರಿ. ವಿವಾದವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಹೇಳಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಕೊಂಡವರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಬೆಂಗಳೂರಿನಲ್ಲಿ ಕೊಂಡ ಎಸಿಗೂ ಚಿಕ್ಕಮಗಳೂರಿನ ಆಯೋಗದ ಬಾಗಿಲು ತೆರೆದಿದೆ. ವಿವಾದದವರೆಗೆ ಹೋಗದಿರಬೇಕಾದರೆ ಸಂಕ್ರಾಂತಿ ಕಳೆದ ಕೂಡಲೇ ಸರ್ವಿಸಿಗೆ ಹೇಳಿಬಿಡುವುದು ಒಳ್ಳೆಯದು. ಯುಗಾದಿಯ ಹೊತ್ತಿಗೆ ಮೆಕ್ಯಾನಿಕ್ಕುಗಳಿಗೆ ಪುರುಸೊತ್ತಿರುವುದಿಲ್ಲ, ಅವಸರದ ಕೆಲಸದಲ್ಲಿ ಮೊದಲು ಬಿಟ್ಟುಹೋಗುವುದೇ ವ್ಯಾಕ್ಯೂಮು. ಅಜ್ಜಂಪುರದ ಆಚೆ ಶಿವನಿಯಂಥ ಊರುಗಳಲ್ಲಿ ನಾಲ್ಕೈದು ಮನೆಯವರು ಸೇರಿ ಒಂದೇ ದಿನ ಕರೆಸಿದರೆ ಬಂದು ಹೋಗುವ ಖರ್ಚು ಹಂಚಿಹೋಗುತ್ತದೆ, ಬಂದವರಿಗೂ ದಿನದ ಕೂಲಿ ಹುಟ್ಟುತ್ತದೆ.