ಲೆಕ್ಕಪರಿಶೋಧಕರ ಸಂಕಟವೂ ರೈತನ ಹಿತವೂ

ರೋಣ ಸೀಮೆಯ ಇಟಗಿಯೆಂದೊಡನೆ ನಮ್ಮ ವಾಚಕರಿಗೆ ಭೀಮಾಂಬಿಕೆಯ ನೆನಪಾಗುವುದು ಸಹಜವು. ಇಂದು ನಾವು ಆ ಊರನ್ನು ನೆನೆಯುವ ಕಾರಣವು ಬೇರೆ. ಮಳೆಯನ್ನೇ ನಂಬಿದ ಆ ಎರೆಭೂಮಿಯ ರೈತನು ಬಿತ್ತಿಗೆಯ ಹೊತ್ತಿಗೆ ಸಾಹುಕಾರನ ಕಟ್ಟೆ ಹತ್ತಬೇಕೋ ಸಹಕಾರಿ ಸಂಘದ ಮೆಟ್ಟಿಲು ಹತ್ತಬೇಕೋ ಎಂಬುದು ಬಹುಮಟ್ಟಿಗೆ ಸಂಘದ ಲೆಕ್ಕಗಳ ಶುದ್ಧತೆಯನ್ನು ಅವಲಂಬಿಸಿರುತ್ತದೆ. ಆ ಶುದ್ಧತೆಯನ್ನು ಪರೀಕ್ಷಿಸತಕ್ಕ ಲೆಕ್ಕಪರಿಶೋಧಕರ ವೃತ್ತಿಯು ಈಗ ಇಕ್ಕಟ್ಟಿನಲ್ಲಿ ಸಿಲುಕಿದೆ. ಇದು ಪಟ್ಟಣದ ಕೆಲವು ಪದವೀಧರರ ಚಿಂತೆಯೆಂದು ಯಾರೂ ತಳ್ಳಿಹಾಕಲಾಗದು.

ಇದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿ ನಾಡಿಗೆ ದಾರಿ ತೋರಿದರು. 1912ರ ಸಹಕಾರಿ ಸಂಘಗಳ ಕಾಯದೆಯು, ವರ್ಷಕ್ಕೊಮ್ಮೆಯಾದರೂ ರಿಜಿಸ್ಟ್ರಾರರಾಗಲಿ ಅವರಿಂದ ಅಧಿಕಾರ ಪಡೆದವರಾಗಲಿ ಪ್ರತಿಯೊಂದು ಸಂಘದ ಲೆಕ್ಕವನ್ನು ತಪಾಸಿಸತಕ್ಕದ್ದೆಂದು ವಿಧಿಸಿತು. ಊರ ಹಣವನ್ನು ಊರವರೇ ಆಳಲಿ, ಆದರೆ ನೋಡುವ ಕಣ್ಣು ಹೊರಗಿನದಿರಲಿ ಎಂಬುದೇ ಇದರ ಮರ್ಮವು. ಪರರ ಆಳಿಕೆಯಲ್ಲಿ 1932ರ ನಿಯಮಗಳ ಮೇರೆಗೆ ಸರಕಾರದ ಪಟ್ಟಿಯಲ್ಲಿ ಹೆಸರು ಬರೆಯಿಸಿಕೊಳ್ಳುತ್ತಿದ್ದ ಲೆಕ್ಕಿಗರಿಗೆ, ಸ್ವತಂತ್ರ ಭಾರತವು 1949ರ ಜುಲೈ 1ರಿಂದ ಜಾರಿಗೆ ತಂದ ಚಾರ್ಟರ್ಡ್ ಅಕೌಂಟೆಂಟರ ಕಾಯದೆಯಿಂದ ತಮ್ಮದೇ ಸಂಸ್ಥೆಯೂ ತಮ್ಮದೇ ಶಿಸ್ತೂ ದೊರೆತವು. ಸ್ವರಾಜ್ಯವು ಈ ವೃತ್ತಿಯ ಮೇಲಿಟ್ಟ ವಿಶ್ವಾಸವು ಅಷ್ಟು ದೊಡ್ಡದು.

ಆ ವಿಶ್ವಾಸದ ಜತೆಗೆ ಹೊರೆಯೂ ಬೆಳೆದಿದೆ. 2013ರ ಕಂಪನಿ ಕಾಯದೆಯು, ಕಂಡ ವಂಚನೆಯನ್ನು ವರದಿ ಮಾಡುವ ಹೊಣೆಯನ್ನು ಪರಿಶೋಧಕನ ಮೇಲೆ ಹೊರಿಸಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಿತು. ದೊಡ್ಡ ಕಂಪನಿಗಳ ಪರಿಶೋಧಕರ ಮೇಲೆ ಕಣ್ಣಿಡಲು 2018ರಲ್ಲಿ ರಾಷ್ಟ್ರೀಯ ಪ್ರಾಧಿಕಾರವೊಂದು ಹುಟ್ಟಿತು. ಪರಿಶೋಧಕನ ಹೆಸರಿನಲ್ಲಿ ಕಳ್ಳರುಜು ನಡೆಯದಂತೆ 2019ರಿಂದ ಪ್ರತಿಯೊಂದು ದಾಖಲೆಗೂ 18 ಅಂಕೆಗಳ ಗುರುತು ಕಡ್ಡಾಯವಾಯಿತು. ಆದಾಯಕರದ 1961ರ ಕಾಯದೆಯ ಬದಲು, 2026ರ ಏಪ್ರಿಲ್ 1ರಿಂದ ನಡೆಯಬೇಕಾದ ಹೊಸ ಕಾಯದೆಯನ್ನು ಲೋಕಸಭೆಯೂ ರಾಜ್ಯಸಭೆಯೂ 2025ರಲ್ಲಿ ಅಂಗೀಕರಿಸಿದವು. ಇವುಗಳಲ್ಲಿ ಒಂದೊಂದನ್ನೂ ನಾವು ಸಮರ್ಥಿಸಬಲ್ಲೆವು. ಆದರೆ ಒಬ್ಬಿಬ್ಬರು ಗುಮಾಸ್ತರನ್ನಿಟ್ಟುಕೊಂಡು ತಾಲೂಕಿನ ಊರಲ್ಲಿ ಕೆಲಸ ಮಾಡುವವನ ದಿನವೆಲ್ಲ ತಖ್ತೆ ತುಂಬುವುದರಲ್ಲಿಯೇ ಕಳೆದರೆ, ಅವನು ಲೆಕ್ಕವನ್ನು ಪರೀಕ್ಷಿಸುವುದು ಯಾವಾಗ?

ಆದರೂ ರೋಗದ ಮೂಲವು ಕೆಲಸದ ಹೊರೆಯಲ್ಲಿಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಯಾರ ಲೆಕ್ಕವನ್ನು ನೋಡಬೇಕೋ ಅವರ ಕೈಯಿಂದಲೇ ಪ್ರತಿಫಲವನ್ನು ಪಡೆಯಬೇಕಾಗಿರುವುದೇ ಮೂಲರೋಗವು. ನೇಮಿಸುವ ಹಕ್ಕು ಕಾಗದದ ಮೇಲೆ ಸದಸ್ಯರದು. ಹೆಸರು ಸೂಚಿಸುವವರು ಅಧಿಕಾರದಲ್ಲಿದ್ದವರು. ಕಟುವಾಗಿ ಬರೆದವನಿಗೆ ಮುಂದಿನ ವರ್ಷ ಕರೆ ಬರುವುದೆಂಬ ಭರವಸೆಯಿಲ್ಲ. ಇಂಥ ಸ್ಥಿತಿಯಲ್ಲಿ ಪರಿಶೋಧಕನು ಆಟಕ್ಕುಂಟು ಲೆಕ್ಕಕ್ಕಿಲ್ಲವೆಂಬಂತಾದರೆ ಆಶ್ಚರ್ಯವೇನು? 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರೇ, ಪುಸ್ತಕದಲ್ಲಿ ತೋರಿಸಿದ 5,361 ಕೋಟಿ ರೂಪಾಯಿಗಳ ನಗದು ಮತ್ತು ಬ್ಯಾಂಕಿನ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲವೆಂದು ಒಪ್ಪಿಕೊಂಡರು. ವರ್ಷವರ್ಷವೂ ತಪಾಸಣೆಯಾಗಿದ್ದ ಲೆಕ್ಕವದು!

ಸರಕಾರಿ ತಪಾಸಣೆಗಾರರನ್ನೇ ಕಳಿಸಿದರೆ ಸಾಕೆಂದು ಕೆಲವರು ಅನ್ನುವರು. ವರ್ಗಾವಣೆಯ ಭಯವಿರುವ ನೌಕರನೂ ಪೂರ್ಣ ಸ್ವತಂತ್ರನಲ್ಲವೆಂಬುದನ್ನು ಅವರು ಮರೆಯಬಾರದು. ಗಣಕಯಂತ್ರವು ಎಲ್ಲವನ್ನೂ ಸರಿಪಡಿಸುವುದೆಂಬುದು ಇನ್ನೊಂದು ವಾದ. 63,000 ಪ್ರಾಥಮಿಕ ಸಂಘಗಳಲ್ಲಿ ಗಣಕಯಂತ್ರವಿಡಲು ಕೇಂದ್ರ ಸರಕಾರವು 2022ರಲ್ಲಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತುದನ್ನು ನಾವು ಸ್ವಾಗತಿಸುತ್ತೇವೆ. ಯಂತ್ರವು ಕೂಡಿಕೆ ತಪ್ಪದು. ಆದರೆ ಸಾಲಗಾರನೆಂದು ಬರೆದವನು ನಿಜವಾಗಿಯೂ ಹಣ ಪಡೆದನೋ ಇಲ್ಲವೋ ಎಂಬುದನ್ನು ಅದು ಅರಿಯದು. ಅದನ್ನರಿಯಲು ಅವನ ಮನೆಯ ಬಾಗಿಲಿಗೆ ಹೋಗಿ ಕೇಳುವ ಮನುಷ್ಯನೇ ಬೇಕು.

ರೈತನಿಗೆ ಇದರಲ್ಲಿ ಎಷ್ಟು ಹಾನಿಲಾಭವಿದೆಯೆಂಬುದನ್ನು ಸಾಲಮನ್ನಾದ ಕಾಲವು ತೋರಿಸಿತು. ನಮ್ಮ ರಾಜ್ಯದಲ್ಲಿ 2017ರಲ್ಲಿ 50,000 ರೂಪಾಯಿಗಳ ವರೆಗೆ, 2018ರಲ್ಲಿ ಒಂದು ಲಕ್ಷದ ವರೆಗೆ ಸಹಕಾರಿ ಬೆಳೆಸಾಲವನ್ನು ಮನ್ನಾ ಮಾಡಲಾಯಿತು. ಯಾರ ಹೆಸರಿನಲ್ಲಿ, ಯಾವ ದಿನಕ್ಕೆ, ಎಷ್ಟು ಬಾಕಿಯೆಂಬುದನ್ನು ಹೇಳುವುದು ಸಂಘದ ಖಾತೆಯೇ. ಅಲ್ಲಿ ಒಂದು ಸಾಲು ತಪ್ಪಿದರೆ ಒಂದು ಮನೆತನವು ತನಗೆ ಸಲ್ಲಬೇಕಾದುದನ್ನು ಕಳೆದುಕೊಳ್ಳುವುದು.

ಆದುದರಿಂದ ನಾವು ಮೂರು ಸೂಚನೆಗಳನ್ನು ಮಾಡುತ್ತೇವೆ. ಸಂಘಕ್ಕೆ ಪರಿಶೋಧಕನನ್ನು ಆಡಳಿತ ಮಂಡಲಿಯ ಇಚ್ಛೆಗೆ ಬಿಡದೆ, ಅರ್ಹರ ಪಟ್ಟಿಯಿಂದ ಚೀಟಿಯೆತ್ತಿ ಗೊತ್ತುಮಾಡಬೇಕು. ಅವನ ಪ್ರತಿಫಲವು ಎಲ್ಲ ಸಂಘಗಳ ವಂತಿಗೆಯಿಂದ ಕೂಡಿದ ಸಾಮಾನ್ಯ ನಿಧಿಯಿಂದ, ಕೆಲಸಕ್ಕೆ ತಕ್ಕಂತೆ ಸಲ್ಲಬೇಕು. ಮೂರನೆಯದಾಗಿ, ಅವನ ವರದಿಯನ್ನು ಸರ್ವಸಾಧಾರಣ ಸಭೆಯಲ್ಲಿ ತಿಳಿಗನ್ನಡದಲ್ಲಿ ಓದಿ, ಸದಸ್ಯರ ಪ್ರಶ್ನೆಗಳಿಗೆ ಅವನೇ ಎದ್ದು ನಿಂತು ಉತ್ತರ ಕೊಡಬೇಕು.

ವೃತ್ತಿಬಾಂಧವರಿಗೂ ಒಂದು ಮಾತು. ದಿನಾಂಕವನ್ನು ಮುಂದೂಡಿರೆಂದು ಬೇಡುವ ಧ್ವನಿಯಲ್ಲಿಯೇ ಸ್ವಾತಂತ್ರ್ಯವನ್ನೂ ಕೇಳಿರಿ; ಜನರು ನಿಮ್ಮ ಬೆನ್ನಿಗೆ ನಿಲ್ಲುವರು. ಇಟಗಿಯ ರೈತನು ತಾಳೆಪಟ್ಟಿಯನ್ನು ಓದಲಾರದೆ ಹೋಗಬಹುದು. ಅದರ ಕೆಳಗಿನ ರುಜುವನ್ನು ನಂಬಿ ಅವನು ತನ್ನ ಬೆವರಿನ ಹಣವನ್ನು ಸಂಘದಲ್ಲಿಡುತ್ತಾನೆ. ಆ ರುಜು ಯಾರ ಹಂಗಿನದೂ ಆಗದಂತೆ ನೋಡಿಕೊಳ್ಳುವುದು ಸರಕಾರದ ಮತ್ತು ನಮ್ಮೆಲ್ಲರ ಕರ್ತವ್ಯವು.